ಆಲ್ಟ್-ಕಂಟ್ರಿಯ ಬೇರು ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆಲ್ಟರ್ನೇಟಿವ್ ಕಂಟ್ರಿ ಸಂಗೀತದ ಬಗ್ಗೆ ಮಾತು ಬಂದಾಗಲೆಲ್ಲ, ಪತ್ರಗಳಲ್ಲೂ ಅಷ್ಟೇ, ಸುತ್ತಿ ಸುತ್ತಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಒಂದು ಕಡೆ ಸೇರಿಸಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಕೇಳುತ್ತಿರುವವರು ನೇರ ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತದೆ.

## ಮೊದಲ ಪರಿಚಯ

ಆಲ್ಟ್-ಕಂಟ್ರಿ ಅಂದ್ರೆ ಏನು? ಮಾಮೂಲಿ ಕಂಟ್ರಿಗೂ ಇದಕ್ಕೂ ಏನು ವ್ಯತ್ಯಾಸ?

ರಾಕ್ ಮತ್ತು ಅದರದೇ ಒರಟು ತಳಿಯಾದ ಪಂಕ್ ಕೇಳಿ ಬೆಳೆದ ಹುಡುಗ ಹುಡುಗಿಯರು ಅಮೆರಿಕದ ದಕ್ಷಿಣದ ಹಳ್ಳಿಗಾಡಿನಿಂದ ಬಂದ ಹಳೇ ಕಂಟ್ರಿ ಹಾಡುಗಳಿಗೆ ಮನಸೋತು, ಅವನ್ನು ತಮ್ಮದೇ ಗಿಟಾರಿನಲ್ಲಿ ತಮ್ಮದೇ ಸಿಟ್ಟಿನಲ್ಲಿ ನುಡಿಸಿದ್ದು. ಚಿಕ್ಕದಾಗಿ ಹೇಳುವುದಾದರೆ ಇಷ್ಟೇ.

ರೇಡಿಯೋದಲ್ಲಿ ಬರುವ ಕಂಟ್ರಿ ಬಹುಪಾಲು, ಕಂಟ್ರಿ ಕಂಪನಿಗಳ ಊರಾದ ನ್ಯಾಶ್‌ವಿಲ್ ಉದ್ಯಮದ ಸರಕು. ಅಲ್ಲಿ ಹಾಡು ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು, ನುಡಿಸುವವರು ಸ್ಟುಡಿಯೋದ ಸಂಬಳದ ಕಲಾವಿದರು. ಆಲ್ಟ್-ಕಂಟ್ರಿಯಲ್ಲಿ ತಂಡವೇ ಬರೆಯುತ್ತದೆ, ತಂಡವೇ ನುಡಿಸುತ್ತದೆ, ಒಂದು ಹಳೇ ವ್ಯಾನಿನಲ್ಲಿ ಊರಿಂದೂರಿಗೆ ಹೋಗಿ ಸಣ್ಣ ಕ್ಲಬ್ಬುಗಳಲ್ಲಿ ಹಾಡುತ್ತದೆ, ಸಣ್ಣ ಕಂಪನಿಯಿಂದ ರೆಕಾರ್ಡ್ ತರುತ್ತದೆ. ದನಿ ಒಡೆದರೆ ಒಡೆಯಲಿ ಅಂತ ಬಿಡುತ್ತಾರೆ. ವಿಷಯವೂ ಬೇರೆ: ರಾತ್ರಿ ಪಾಳಿ, ಮುಚ್ಚಿದ ಕಾರ್ಖಾನೆ, ಕುಡಿತ, ಬಿಟ್ಟುಹೋಗಲಾಗದ ಸಣ್ಣ ಊರು.

ನಮ್ಮ ಮನೇಲಿ ಕಂಟ್ರಿ ಅಂದ್ರೆ ಜಿಮ್ ರೀವ್ಸ್. ಅದೂ ಇದೂ ಒಂದೇನಾ?

ಒಂದೇ ಮನೆತನ, ಆದರೆ ಎದುರುಬದುರು ಕೂತವರು. ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ, ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಜಿಮ್ ರೀವ್ಸ್ ಹಾಡು ಕೇಳಿ ಬೆಳೆದವರು ತುಂಬಾ ಜನ ಇದ್ದಾರೆ, ಅದಕ್ಕೇ ಈ ಪ್ರಶ್ನೆ ಇಷ್ಟು ಸಲ ಬರುವುದು. ಮೈಕಿಗೆ ತೀರಾ ಹತ್ತಿರ ಬಂದು ಮೆಲ್ಲಗೆ ಹಾಡುವ ಆ ದನಿ, ಹಿಂದೆ ಕೋರಸ್. ಇದಕ್ಕೆ ನ್ಯಾಶ್‌ವಿಲ್ ಸೌಂಡ್ ಅಂತಲೇ ಹೆಸರು. 1950ರ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಬಂದು ಕಂಟ್ರಿ ಮಾರಾಟಕ್ಕೆ ಪೆಟ್ಟು ಬಿದ್ದಾಗ ಚೆಟ್ ಅಟ್ಕಿನ್ಸ್, ಓವೆನ್ ಬ್ರ್ಯಾಡ್ಲಿ ತರಹದ ನಿರ್ಮಾಪಕರು ಹಳ್ಳಿ ಶೈಲಿಯ ಒಂಟಿ ಪಿಟೀಲು, ಸ್ಟೀಲ್ ಗಿಟಾರನ್ನು ಹಿಂದಕ್ಕೆ ಸರಿಸಿ, ವಯೊಲಿನ್ ಮೇಳ ಮತ್ತು ಕೋರಸ್ ತಂದು, ಪೇಟೆಯವರಿಗೂ ಹಿಡಿಸುವ ಹಾಗೆ ಮಾಡಿದರು. ರೀವ್ಸ್ 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹಾಡು ಚೆನ್ನಾಗಿಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಆ ನಯಗಾರಿಕೆ ಬೇಡ ಅಂದವರೇ ಈ ಪುಟದ ಉದ್ದಕ್ಕೂ ಬರುತ್ತಾರೆ.

ಇದು ಶುರುವಾಗಿದ್ದು ಯಾವಾಗ? ಒಬ್ಬರು 1990 ಅಂತಾರೆ, ಇನ್ನೊಬ್ಬರು 1968 ಅಂತಾರೆ.

ಹೆಸರು ಬಿದ್ದದ್ದು 1990ರ ದಶಕದಲ್ಲಿ. ಕೆಲಸ ಅದಕ್ಕಿಂತ ಎಷ್ಟೋ ಮುಂಚಿನಿಂದ ನಡೆದಿತ್ತು. 1968ರಲ್ಲಿ ಬರ್ಡ್ಸ್ ಅನ್ನುವ ರಾಕ್ ತಂಡ ಒಂದು ಪೂರ್ತಿ ಕಂಟ್ರಿ ಆಲ್ಬಂ ಮಾಡಿತು. 1980ರ ದಶಕದ ಮೊದಲಲ್ಲಿ ಪಂಕ್ ತಂಡಗಳು ಕಂಟ್ರಿ ಕಡೆ ತಿರುಗಿದವು. 1990ರಲ್ಲಿ ಅಂಕಲ್ ಟುಪೆಲೋ ಅನ್ನುವ ತಂಡದ ಮೊದಲ ಆಲ್ಬಂ ಬಂತು. ನನ್ನ ಲೆಕ್ಕದಲ್ಲಿ ಇದಕ್ಕೆ ಒಂದೇ ಹುಟ್ಟಿದ ದಿನ ಹುಡುಕುವುದೇ ದಂಡ. ನ್ಯಾಶ್‌ವಿಲ್ ಪ್ರತಿ ಸಲ ಹಾಡನ್ನು ನುಣುಪು ಮಾಡಿದಾಗಲೂ ಹೊರಗಿನಿಂದ ಯಾರೋ ಒಬ್ಬರು ಬಂದು, ಒರಟಾಗಿದ್ದ ಹಳೇ ಹಾಡನ್ನೇ ಮತ್ತೆ ಎತ್ತಿಕೊಂಡಿದ್ದಾರೆ. ಈ ಬೇರು ಬೆಳೆದಿರುವುದೇ ಹಾಗೆ.

"ನೋ ಡಿಪ್ರೆಶನ್" ಅನ್ನೋ ಹೆಸರು ಎಲ್ಲ ಕಡೆ ಬರುತ್ತಲ್ಲ, ಅದೇನು?

ಮೊದಲು ಅದೊಂದು ಭಕ್ತಿಗೀತೆ. ಕಾರ್ಟರ್ ಫ್ಯಾಮಿಲಿ ಅನ್ನುವ ಹಳೇ ಕಂಟ್ರಿ ತಂಡ 1936ರಲ್ಲಿ ಹಾಡಿ ರೆಕಾರ್ಡ್ ಮಾಡಿದ್ದು. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಈ ಕಷ್ಟವೆಲ್ಲ ಇಲ್ಲೇ, ನಾನು ಹೋಗುವ ಸ್ವರ್ಗದಲ್ಲಿ ಇಂಥ ಕುಸಿತವಿಲ್ಲ ಅನ್ನುವುದು ಹಾಡಿನ ಸಾರ. ಐವತ್ತು ವರ್ಷ ದಾಟಿದ ಮೇಲೆ ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಮೂವರು ಹುಡುಗರು, ಅವರೇ ಅಂಕಲ್ ಟುಪೆಲೋ, ಆ ಹಾಡನ್ನು ಮತ್ತೆ ಹಾಡಿ ತಮ್ಮ ಮೊದಲ ಆಲ್ಬಮ್ಮಿಗೂ ಅದೇ ಹೆಸರಿಟ್ಟರು. ಅದು ಬಂದದ್ದು 1990ರಲ್ಲಿ.

ಆಮೇಲೆ ಇಂಥ ಸಂಗೀತ ಇಷ್ಟಪಡುವವರು ಆ ಕಾಲದ ಇಂಟರ್ನೆಟ್ ಸೇವೆ ಅಮೆರಿಕ ಆನ್‌ಲೈನ್‌ನಲ್ಲಿ ಒಂದು ಚರ್ಚಾ ಗುಂಪಿಗೆ ಆ ಹೆಸರು ಕೊಟ್ಟರು. 1995ರಲ್ಲಿ ಗ್ರಾಂಟ್ ಆಲ್ಡೆನ್ ಮತ್ತು ಪೀಟರ್ ಬ್ಲ್ಯಾಕ್‌ಸ್ಟಾಕ್ ಸಿಯಾಟಲ್‌ನಿಂದ ಅದೇ ಹೆಸರಿನ ಪತ್ರಿಕೆ ಶುರು ಮಾಡಿದರು. ಮೊದಲ ಮುಖಪುಟಕ್ಕೆ ಬಂದದ್ದು, ಅಂಕಲ್ ಟುಪೆಲೋ ಒಡೆದ ಮೇಲೆ ಹುಟ್ಟಿದ ಸನ್ ವೋಲ್ಟ್ ತಂಡ. ಇಡೀ ಸಂಗೀತಕ್ಕೇ ಎಷ್ಟೋ ಜನ ಈಗಲೂ ನೋ ಡಿಪ್ರೆಶನ್ ಅಂತಲೇ ಹೇಳುತ್ತಾರೆ.

ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಕಾರ್ಟರ್ ಫ್ಯಾಮಿಲಿಯ 1936ರ ಹಾಡು ಮತ್ತು ಅಂಕಲ್ ಟುಪೆಲೋ 1990ರ ಹಾಡು, ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಅದಕ್ಕೆ ಆರೇಳು ನಿಮಿಷ ಸಾಕು. ಆಮೇಲೆ ಗ್ರಾಮ್ ಪಾರ್ಸನ್ಸ್ 1974ರ "ಗ್ರೀವಸ್ ಏಂಜೆಲ್", ಲುಸಿಂಡಾ ವಿಲಿಯಮ್ಸ್ 1998ರ "ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್", ಸನ್ ವೋಲ್ಟ್ 1995ರ "ಟ್ರೇಸ್". ಮೂರರಲ್ಲಿ ಒಂದೂ ಹಿಡಿಸದಿದ್ದರೆ ಬಲವಂತ ಬೇಡ. ಹಿಡಿಸಿದರೆ ಮುಂದೆ ಓದಿ.

## ಬೇರಿನ ಕಡೆಗೆ

ಕಾರ್ಟರ್ ಫ್ಯಾಮಿಲಿ ಬಗ್ಗೆ ಯಾಕೆ ಅಷ್ಟೊಂದು ಮಾತು? ಕೇಳಿದ್ರೆ ತುಂಬಾ ಸಾದಾ ಅನ್ಸುತ್ತೆ.

ಸಾದಾ ಅನಿಸುವಂತೆ ನುಡಿಸುವುದೇ ಕಷ್ಟದ ಕೆಲಸ. 1927ರ ಜುಲೈ ಕೊನೆಯಲ್ಲಿ ರಾಲ್ಫ್ ಪಿಯರ್ ಅನ್ನುವ ನಿರ್ಮಾಪಕ ವಿಕ್ಟರ್ ಕಂಪನಿಯ ಯಂತ್ರಗಳನ್ನು ಹೊತ್ತು ಬ್ರಿಸ್ಟಲ್ ಊರಿಗೆ ಬಂದ. ಈ ಊರು ಟೆನೆಸ್ಸಿ ಮತ್ತು ವರ್ಜೀನಿಯಾ ಗಡಿಯ ಮೇಲಿದೆ. ಮುಖ್ಯ ಬೀದಿಯ ಒಂದು ಬದಿ ಒಂದು ರಾಜ್ಯ, ಇನ್ನೊಂದು ಬದಿ ಮತ್ತೊಂದು. ಅಲ್ಲಿ ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಕೂತು ಸುತ್ತಮುತ್ತಲ ಗುಡ್ಡಗಾಡಿನ ಹಾಡುಗಾರರನ್ನು ಕರೆಸಿದ. ಹತ್ತಿರದ ಕಣಿವೆಯಿಂದ ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿ ಮೇಬೆಲ್ ಬಂದರು. ಮೇಬೆಲ್ ಆಗ ತುಂಬು ಗರ್ಭಿಣಿ. ಅದೇ ವಾರ ಹಾಡುಗಾರ ಜಿಮ್ಮಿ ರಾಡ್ಜರ್ಸ್ ಕೂಡ ಅಲ್ಲೇ ಮೊದಲ ಸಲ ರೆಕಾರ್ಡ್ ಮಾಡಿದ. ಕಂಟ್ರಿಯ ಎರಡು ದೊಡ್ಡ ಕವಲು ಒಂದೇ ವಾರದಲ್ಲಿ, ಒಂದೇ ಕೋಣೆಯಲ್ಲಿ!

ಮೇಬೆಲ್‌ಳ ಬಲಗೈ ಗಮನಿಸಿ ಕೇಳಿ. ಹೆಬ್ಬೆರಳು ಕೆಳಸ್ಥಾಯಿಯ ದಪ್ಪ ತಂತಿಗಳ ಮೇಲೆ ರಾಗದ ಎಳೆ ಹಿಡಿಯುತ್ತದೆ. ಅದೇ ಹೊತ್ತಿಗೆ ಉಳಿದ ಬೆರಳು ಮೇಲಿನ ಸಣ್ಣ ತಂತಿಗಳನ್ನು ಸವರಿ ತಾಳ ಕೊಡುತ್ತದೆ. ಅಂದರೆ ಒಬ್ಬಳೇ ಇಬ್ಬರ ಕೆಲಸ ಮಾಡುತ್ತಾಳೆ. ಅಲ್ಲಿಯವರೆಗೆ ಗಿಟಾರ್ ಸುಮ್ನೆ ಹಿಂದೆ ಝಣಝಣ ಅನ್ನುವ ವಾದ್ಯವಾಗಿತ್ತು, ಅದನ್ನು ಮುಂದೆ ತಂದು ನಿಲ್ಲಿಸಿದ್ದು ಇವಳು. ಇದಕ್ಕೆ "ಕಾರ್ಟರ್ ಸ್ಕ್ರಾಚ್" ಅಂತ ಹೆಸರಾಯಿತು. ಇವತ್ತಿಗೂ ಆಲ್ಟ್-ಕಂಟ್ರಿ ತಂಡವೊಂದು ಎಲೆಕ್ಟ್ರಿಕ್ ಬಿಟ್ಟು ಅಕೂಸ್ಟಿಕ್ ಗಿಟಾರ್ ಎತ್ತಿಕೊಂಡರೆ ಈ ಬಲಗೈ ಕೇಳಿಸದೆ ಇರುವುದಿಲ್ಲ.

ಇದು ಬಿಳಿಯರ ಸಂಗೀತ ತಾನೆ?

ಅಲ್ಲ. ಹಾಗೆ ಮಾರಿದರು ಅನ್ನುವುದು ನಿಜ. ದಕ್ಷಿಣದ ಬಿಳಿಯರ ಹಾಡಿಗೆ ಒಂದು ಪಟ್ಟಿ, ಕರಿಯರ ಹಾಡಿಗೆ ಇನ್ನೊಂದು ಪಟ್ಟಿ ಅಂತ ಕಂಪನಿಗಳೇ 1920ರ ದಶಕದಲ್ಲಿ ಬೇರೆ ಮಾಡಿದವು. ಹಾಡಿದವರು ಹಾಗೆ ಬದುಕಿರಲಿಲ್ಲ.

ಬ್ಯಾಂಜೋ ಬಂದದ್ದೇ ಆಫ್ರಿಕದಿಂದ, ಗುಲಾಮರಾಗಿ ಬಂದವರ ಜೊತೆ. ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತುವಾಗ ಜೊತೆಗಿದ್ದವನು ಲೆಸ್ಲಿ ರಿಡಲ್, ಕರಿಯ ಗಿಟಾರ್ ವಾದಕ. ಎ.ಪಿ. ಸಾಹಿತ್ಯ ಬರೆದುಕೊಳ್ಳುತ್ತಿದ್ದ, ರಿಡಲ್ ರಾಗ ನೆನಪಿಟ್ಟುಕೊಳ್ಳುತ್ತಿದ್ದ. ಮೇಬೆಲ್ ಅವನಿಂದ ಗಿಟಾರ್ ಪಟ್ಟುಗಳನ್ನು ಕಲಿತಳು. ಕಂಟ್ರಿಯ ದೊಡ್ಡ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ಗೆ ಚಿಕ್ಕಂದಿನಲ್ಲಿ ಅಲಬಾಮದಲ್ಲಿ ಹೇಳಿಕೊಟ್ಟವನು ರೂಫಸ್ ಪೇನ್ ಅನ್ನುವ ಕರಿಯ ಬೀದಿ ಹಾಡುಗಾರ. ಜಿಮ್ಮಿ ರಾಡ್ಜರ್ಸ್ 1930ರಲ್ಲಿ ಕರಿಯ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ರೆಕಾರ್ಡ್ ಮಾಡಿದ. ನ್ಯಾಶ್‌ವಿಲ್‌ನ ಗ್ರಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮದ ಮೊದಮೊದಲ ತಾರೆಗಳಲ್ಲಿ ಒಬ್ಬ ಹಾರ್ಮೋನಿಕಾ ನುಡಿಸುತ್ತಿದ್ದ ಕರಿಯ ಕಲಾವಿದ ಡಿಫೋರ್ಡ್ ಬೇಲಿ. ಅವನನ್ನು 1941ರಲ್ಲಿ ಕೆಲಸದಿಂದ ತೆಗೆದರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 2005ರಲ್ಲಿ, ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೇರಿಗೆ ಮರಳುತ್ತೇವೆ ಅಂತ ಹೊರಟ ಆಲ್ಟ್-ಕಂಟ್ರಿ ತಂಡಗಳಲ್ಲೂ ಬಿಳಿ ಹುಡುಗರೇ ಜಾಸ್ತಿ, ಇದನ್ನೂ ಹೇಳಲೇಬೇಕು. ಬ್ಯಾಂಜೋವನ್ನು ಕರಿಯರ ವಾದ್ಯವೆಂದೇ ಮತ್ತೆ ಎತ್ತಿ ಹಿಡಿದ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡ, ಅದರಲ್ಲಿದ್ದ ರಿಯಾನನ್ ಗಿಡನ್ಸ್, ಇವರು ಬರುವ ಹೊತ್ತಿಗೆ ಹೊಸ ಶತಮಾನವೇ ಬಂದಿತ್ತು.

ಬೇಕರ್ಸ್‌ಫೀಲ್ಡ್ ಸೌಂಡ್ ಅಂದ್ರೆ ಏನು? ಅದಕ್ಕೂ ಇದಕ್ಕೂ ಏನು ನಂಟು?

1930ರ ದಶಕದಲ್ಲಿ ಒಕ್ಲಹೋಮ, ಟೆಕ್ಸಸ್ ಕಡೆ ಬರ ಮತ್ತು ಧೂಳಿನ ಬಿರುಗಾಳಿಗೆ ಸಿಕ್ಕಿ ಸಾವಿರಾರು ಕುಟುಂಬಗಳು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದವು. ಬೇಕರ್ಸ್‌ಫೀಲ್ಡ್ ಅಲ್ಲಿನ ಒಂದು ಊರು. ಹತ್ತಿ ಬಿಡಿಸುವುದು, ಎಣ್ಣೆ ಬಾವಿಯಲ್ಲಿ ದುಡಿಯುವುದು, ರಾತ್ರಿ ಬಾರಿನಲ್ಲಿ ಕುಣಿಯುವುದು. ಆ ಬಾರುಗಳ ಗದ್ದಲದಲ್ಲಿ ಕೇಳಿಸಬೇಕಾದರೆ ಸಂಗೀತಕ್ಕೆ ಚೂಪು ಬೇಕಿತ್ತು. ಅದಕ್ಕೇ ಟೆಲಿಕ್ಯಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರ್, ಗಟ್ಟಿ ಡ್ರಮ್. ಬಕ್ ಓವೆನ್ಸ್ ಮತ್ತು ಮೆರ್ಲ್ ಹ್ಯಾಗರ್ಡ್ ಬಂದದ್ದು ಇಲ್ಲಿಂದ. ಹ್ಯಾಗರ್ಡ್ 1937ರಲ್ಲಿ ಹುಟ್ಟಿದ, ಹಳೇ ರೈಲು ಡಬ್ಬಿಯನ್ನೇ ಮನೆ ಮಾಡಿಕೊಂಡಿದ್ದ ಕುಟುಂಬದಲ್ಲಿ. ಮುಂದೆ ಸ್ಯಾನ್ ಕ್ವೆಂಟಿನ್ ಜೈಲು ಸೇರಿದ. ಅಲ್ಲಿ ಹಾಡಲು ಬಂದ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್‌ನನ್ನು ಕೈದಿಯಾಗಿಯೇ ನೋಡಿದ.

ನ್ಯಾಶ್‌ವಿಲ್ ವಯೊಲಿನ್ ಮೇಳ ಕೂರಿಸುತ್ತಿದ್ದ ಕಾಲದಲ್ಲೇ ಇವರು ಒರಟಾಗಿ ನುಡಿಸಿ ಗೆದ್ದರು. ನ್ಯಾಶ್‌ವಿಲ್ ಬಿಟ್ಟು ದೂರ ನಿಂತೂ ಅಪ್ಪಟ ಕಂಟ್ರಿ ಹಾಡಬಹುದು ಅಂತ ಮುಂದಿನವರಿಗೆ ಧೈರ್ಯ ಬಂದದ್ದು ಇವರಿಂದ.

ಔಟ್‌ಲಾ ಕಂಟ್ರಿನೂ ಆಲ್ಟ್-ಕಂಟ್ರಿನಾ?

ಹತ್ತಿರದ ನೆಂಟ. ವೇಲನ್ ಜೆನ್ನಿಂಗ್ಸ್, ವಿಲ್ಲಿ ನೆಲ್ಸನ್ 1970ರ ದಶಕದಲ್ಲಿ ಜಗಳವಾಡಿದ್ದು ಸ್ಟುಡಿಯೋ ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ. ತಮ್ಮ ತಂಡ, ತಮ್ಮ ಹಾಡು ಬೇಕು ಅಂತ ಹಟ ಹಿಡಿದು ಗೆದ್ದರು. ಆದರೆ ಅವರು ದೊಡ್ಡ ಕಂಪನಿಗಳ ಒಳಗೇ ಇದ್ದವರು. 1976ರ "ವಾಂಟೆಡ್! ದಿ ಔಟ್‌ಲಾಸ್" ಪ್ಲಾಟಿನಂ (ಹತ್ತು ಲಕ್ಷ ಪ್ರತಿ ಮಾರಾಟದ ಗುರುತು) ಪಡೆದ ಮೊದಲ ಕಂಟ್ರಿ ಆಲ್ಬಂ. ಆಲ್ಟ್-ಕಂಟ್ರಿಯವರು ಹೆಚ್ಚು ಕಲಿತದ್ದು ಅದೇ ಕಾಲದ ಟೆಕ್ಸಸ್ ಹಾಡುಗಾರರಿಂದ, ಅಂದರೆ ಟೌನ್ಸ್ ವ್ಯಾನ್ ಜಾಂಟ್ ಮತ್ತು ಗೈ ಕ್ಲಾರ್ಕ್‌ರಿಂದ.

## ಇನ್ನೂ ಒಳಗೆ

ಗ್ರಾಮ್ ಪಾರ್ಸನ್ಸ್ ಒಬ್ಬನೇ ಇದನ್ನೆಲ್ಲ ಹುಟ್ಟಿಸಿದನಾ?

ಹಾಗೆ ಹೇಳುವುದು ರೂಢಿಯಾಗಿಬಿಟ್ಟಿದೆ. 26ನೇ ವಯಸ್ಸಿಗೇ ಸತ್ತದ್ದು, ಮರುಭೂಮಿ, ಕದ್ದೊಯ್ದ ಹೆಣ, ಕಥೆಗೆ ಬೇಕಾದ್ದೆಲ್ಲ ಇದೆ. ನನಗೆ ಆ ಕಥೆಗಿಂತ ಅವನ ಹಾಡು ಮುಖ್ಯ.

ಅವನು ಜಾರ್ಜಿಯಾದಲ್ಲಿ ಬೆಳೆದವನು, ಹಾರ್ವರ್ಡ್ ಸೇರಿ ಬೇಗ ಬಿಟ್ಟವನು. 1968ರಲ್ಲಿ ಬರ್ಡ್ಸ್ ತಂಡಕ್ಕೆ ಬಂದ. ಆ ಮಾರ್ಚ್‌ನಲ್ಲಿ ತಂಡ ಗ್ರಾಂಡ್ ಓಲ್ ಆಪ್ರಿಯಲ್ಲಿ ಹಾಡಿತು. ಸಭಿಕರು ಇವರ ಉದ್ದ ಕೂದಲು ನೋಡಿಯೇ ಗೊಣಗಿದರು. ಹ್ಯಾಗರ್ಡ್ ಹಾಡು ಅಂತ ಘೋಷಣೆಯಾಗಿದ್ದರೆ ಪಾರ್ಸನ್ಸ್ ಕೊನೇ ಗಳಿಗೆಯಲ್ಲಿ ಅಜ್ಜಿಗೆ ಅರ್ಪಣೆ ಅಂತ ಹೇಳಿ ತನ್ನದೇ "ಹಿಕರಿ ವಿಂಡ್" ಹಾಡಿದ. ನ್ಯಾಶ್‌ವಿಲ್ ದೊಡ್ಡವರಿಗೆ ಕೋಪ ಬಂತು. ಆಗಸ್ಟ್‌ನಲ್ಲಿ "ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ" ಬಂತು. ಅಷ್ಟರಲ್ಲಿ ಅವನು ತಂಡವನ್ನೇ ಬಿಟ್ಟಿದ್ದ. ಮುಂದೆ ಕ್ರಿಸ್ ಹಿಲ್‌ಮನ್ ಜೊತೆ ಫ್ಲೈಯಿಂಗ್ ಬರಿಟೋ ಬ್ರದರ್ಸ್, ಆಮೇಲೆ ಹಾಡುಗಾರ್ತಿ ಎಮಿಲೂ ಹ್ಯಾರಿಸ್ ಜೊತೆ ಎರಡು ಆಲ್ಬಂ. 1973ರ ಸೆಪ್ಟೆಂಬರ್‌ನಲ್ಲಿ ಜೋಶುವಾ ಟ್ರೀಯಲ್ಲಿ ಸತ್ತ. ಎಮಿಲೂ ಜೊತೆಗಿನ ಎರಡನೇ ಆಲ್ಬಂ ಹೊರಬಂದದ್ದು ಅದರ ಮುಂದಿನ ವರ್ಷ.

ಈಗ ಅವನ ಸುತ್ತ ಇದ್ದವರನ್ನು ನೋಡಿ. ಹಿಲ್‌ಮನ್ ಹದಿಹರೆಯದಲ್ಲೇ ಬ್ಲೂಗ್ರಾಸ್ (ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್‌ಗಳ ಚುರುಕು ಗತಿಯ ಕಂಟ್ರಿ) ಮ್ಯಾಂಡೊಲಿನ್ ನುಡಿಸಿದವನು, ಪಾರ್ಸನ್ಸ್ ಬರುವುದಕ್ಕೆ ಮೊದಲೇ ಬರ್ಡ್ಸ್ ರೆಕಾರ್ಡುಗಳಲ್ಲಿ ಕಂಟ್ರಿ ತಂದಿದ್ದ. ಗಿಟಾರ್ ವಾದಕ ಕ್ಲಾರೆನ್ಸ್ ವೈಟ್ ಇನ್ನೊಬ್ಬ ಬ್ಲೂಗ್ರಾಸ್ ಹುಡುಗ. ಸ್ಟೀಲ್ ಗಿಟಾರಿನ ಎಳೆತ ಮಾಮೂಲಿ ಗಿಟಾರಿನಲ್ಲೂ ಬರಲಿ ಅಂತ ಅವನೂ ಜೀನ್ ಪಾರ್ಸನ್ಸ್ ಅನ್ನುವ ಡ್ರಮ್ಮರೂ ಸೇರಿ (ಗ್ರಾಮ್‌ಗೆ ಸಂಬಂಧಿಯಲ್ಲ) ಟೆಲಿಕ್ಯಾಸ್ಟರ್ ಒಳಗೆ ಒಂದು ಸನ್ನೆಯ ಯಂತ್ರ ಕೂರಿಸಿದರು. ಗಿಟಾರನ್ನು ಕೆಳಕ್ಕೆ ಒತ್ತಿದರೆ ಭುಜದ ಪಟ್ಟಿ ಎಳೆದು, ಎರಡನೇ ತಂತಿಯ ಸ್ವರ ಪೂರ್ತಿ ಒಂದು ಮೆಟ್ಟಿಲು ಮೇಲೇರುತ್ತದೆ. ಬಾಬ್ ಡಿಲನ್ 1967ರಲ್ಲೇ ನ್ಯಾಶ್‌ವಿಲ್‌ನಲ್ಲಿ ಸರಳವಾದೊಂದು ಆಲ್ಬಂ ಮಾಡಿದ್ದ. ಮೈಕಲ್ ನೆಸ್ಮಿತ್, ಜೀನ್ ಕ್ಲಾರ್ಕ್, ದಿ ಬ್ಯಾಂಡ್, ಎಲ್ಲರೂ ಅದೇ ಕಾಲದಲ್ಲಿ ಅದೇ ದಾರಿಯಲ್ಲಿದ್ದವರು. ಪಾರ್ಸನ್ಸ್ ಹೆಚ್ಚುಗಾರಿಕೆ ಎಲ್ಲಿದೆ ಅಂದರೆ, ಅವನ ದನಿ ಮುರಿಯುವ ಜಾಗದಲ್ಲಿ. ಅವನು ಕಂಟ್ರಿಯನ್ನು ಪ್ರಯೋಗಕ್ಕಾಗಿ ಹಾಡಲಿಲ್ಲ, ಅದನ್ನು ಪೂರಾ ನಂಬಿದ್ದ.

ಪಂಕ್‌ಗೂ ಕಂಟ್ರಿಗೂ ಎಲ್ಲಿಂದೆಲ್ಲಿಯ ಸಂಬಂಧ?

ಎರಡಕ್ಕೂ ಗಿಟಾರಿನ ಮೂರು ಕಾರ್ಡ್ (chord, ಸ್ವರಗುಚ್ಛ) ಸಾಕು. ಎರಡೂ ಕೈಯಲ್ಲಿ ಕಾಸಿಲ್ಲದವರ ಹಾಡು. ಎರಡಕ್ಕೂ ಸುತ್ತಿ ಬಳಸಿ ಹೇಳುವುದು ಆಗುವುದಿಲ್ಲ. 1982ರಲ್ಲಿ ಪಂಕ್ ತಂಡಗಳಿಂದ ಬಂದವರು ಸೇರಿ ರ‍್ಯಾಂಕ್ ಅಂಡ್ ಫೈಲ್ ಹೆಸರಿನಲ್ಲಿ ಕಂಟ್ರಿ ಆಲ್ಬಂ ತಂದರು. ಇಲಿನಾಯ್‌ನ ರೈತ ಮನೆತನದ ಜೇಸನ್ ರಿಂಗನ್‌ಬರ್ಗ್ ನ್ಯಾಶ್‌ವಿಲ್‌ಗೇ ಹೋಗಿ ಜೇಸನ್ ಅಂಡ್ ದಿ ಸ್ಕಾರ್ಚರ್ಸ್ ಕಟ್ಟಿದ. ಡ್ವೈಟ್ ಯೋಕಂ ಲಾಸ್ ಏಂಜಲೀಸ್‌ನಲ್ಲಿ ಪಂಕ್ ತಂಡಗಳ ಜೊತೆಯೇ ವೇದಿಕೆ ಹಂಚಿಕೊಂಡು ಮೇಲೆ ಬಂದವನು.

ಇದರಲ್ಲಿ ನನಗೆ ಅತಿ ಇಷ್ಟ ಇಂಗ್ಲೆಂಡಿನ ಮೀಕನ್ಸ್. ಲೀಡ್ಸ್‌ನ ವಿದ್ಯಾರ್ಥಿಗಳು 1970ರ ದಶಕದ ಪಂಕ್ ಅಲೆಯಲ್ಲಿ ಕಟ್ಟಿದ ತಂಡ. 1984-85ರ ಗಣಿ ಕಾರ್ಮಿಕರ ಮುಷ್ಕರದ ಪರವಾಗಿ ಹಾಡಿದರು. ಮುಷ್ಕರ ಸೋತಿತು. ಆ ಸೋಲಿನ ವರ್ಷವೇ ಬಂದ "ಫಿಯರ್ ಅಂಡ್ ವಿಸ್ಕಿ" ಆಲ್ಬಮ್ಮಿನಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡೂ ಇದೆ, ಕೀರಲು ಪಿಟೀಲೂ ಇದೆ, ಸೋತವರ ಸಿಟ್ಟೂ ಇದೆ. ತಂಡದ ಜಾನ್ ಲ್ಯಾಂಗ್‌ಫರ್ಡ್ ಮುಂದೆ ಶಿಕಾಗೋಕ್ಕೆ ಹೋಗಿ ನೆಲೆಸಿದ. ಅಲ್ಲಿ 1994ರಲ್ಲಿ ಮೊದಲ ರೆಕಾರ್ಡ್ ತಂದ ಬ್ಲಡ್‌ಶಾಟ್ ಕಂಪನಿಯ ಸುತ್ತ ಇವನೂ ಇದ್ದ.

ಅಂಕಲ್ ಟುಪೆಲೋ ನಾಲ್ಕೇ ಆಲ್ಬಂ ಮಾಡಿ ಒಡೆದುಹೋದ್ರು. ಅಷ್ಟಕ್ಕೇ ಇಷ್ಟು ಹೆಸರಾ?

ನಾಲ್ಕನ್ನೂ ಕೇಳಿ, ಆಮೇಲೆ ಹೇಳಿ. ಜೇ ಫ್ಯಾರರ್, ಜೆಫ್ ಟ್ವೀಡಿ, ಡ್ರಮ್ಮರ್ ಮೈಕ್ ಹೈಡಾರ್ನ್. ಮೊದಲ ಆಲ್ಬಮ್ಮಿನ ಹಾಡುಗಳು ನಡುನಡುವೆ ಗಕ್ಕನೆ ನಿಲ್ಲುತ್ತವೆ, ಮತ್ತೆ ಧಡ್ಡನೆ ಹೊರಡುತ್ತವೆ. ಈ ಚಾಳಿ ಬಂದದ್ದು ಮಿನಿಟ್‌ಮೆನ್ ಥರದ ಪಂಕ್ ತಂಡಗಳಿಂದ. ಆದರೆ ಫ್ಯಾರರ್ ದನಿ ಇಪ್ಪತ್ತರ ಆಸುಪಾಸಿನಲ್ಲೇ ಎಷ್ಟೋ ವರ್ಷ ದುಡಿದು ದಣಿದವನ ಹಾಗಿದೆ.

1992ರಲ್ಲಿ, ನಿರ್ವಾಣ ತಂಡ ಗೆದ್ದು ದೊಡ್ಡ ಕಂಪನಿಗಳೆಲ್ಲ ಅಬ್ಬರದ ಗಿಟಾರಿಗೆ ಚೆಕ್ ಬರೆಯುತ್ತಿದ್ದ ಹೊತ್ತಿನಲ್ಲಿ, ಇವರು ಜಾರ್ಜಿಯಾದ ಏಥೆನ್ಸ್‌ಗೆ ಹೋಗಿ ಆರ್.ಇ.ಎಂ. ತಂಡದ ಪೀಟರ್ ಬಕ್ ನಿರ್ಮಾಣದಲ್ಲಿ ಐದು ದಿನ ಕೂತು ಅಕೂಸ್ಟಿಕ್ ಆಲ್ಬಂ ಮಾಡಿದರು. ಅದರ ಹೆಸರೇ ಆ ತಾರೀಕುಗಳು, "ಮಾರ್ಚ್ 16-20, 1992". ಅರ್ಧದಷ್ಟು ಹಳೇ ಜನಪದ ಹಾಡುಗಳು, ಕಲ್ಲಿದ್ದಲು ಗಣಿಯವರ ಹಾಡು, ಚರ್ಚಿನ ಹಾಡು. ಕೊನೆಯದು 1993ರ "ಅನೊಡೈನ್". ಮರುವರ್ಷ ಮೇ 1ಕ್ಕೆ ಸೇಂಟ್ ಲೂಯಿಸ್‌ನಲ್ಲಿ ಕೊನೆಯ ಕಛೇರಿ. ಫ್ಯಾರರ್ ಸನ್ ವೋಲ್ಟ್ ಕಟ್ಟಿದ. ಟ್ವೀಡಿ ಉಳಿದವರನ್ನು ಕಟ್ಟಿಕೊಂಡು ವಿಲ್ಕೋ ಮಾಡಿದ. ಯಾರು ದೊಡ್ಡವರು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಬೇರಿನ ಮಾತು ಬಂದರೆ ಮಾತ್ರ ನನ್ನ ಓಟು "ಟ್ರೇಸ್"ಗೆ.

ಹೆಂಗಸರ ಹೆಸರು ಯಾಕೆ ಇಷ್ಟು ಕಡಿಮೆ ಕೇಳುತ್ತೆ?

ಬರೆದವರು ಕಡಿಮೆ ಬರೆದರು, ಅಷ್ಟೇ. ಗಿಟಾರ್ ಕೈಚಳಕ ಮೇಬೆಲ್‌ಳದು, ಪಾರ್ಸನ್ಸ್ ಹಾಡನ್ನು ಅವನು ಸತ್ತ ಮೇಲೂ ಹಾಡಿ ಊರೂರಿಗೆ ಮುಟ್ಟಿಸಿದವಳು ಎಮಿಲೂ. ಲುಸಿಂಡಾ ವಿಲಿಯಮ್ಸ್ ವಿಷಯ ಕೇಳಿ. ಲಾಸ್ ಏಂಜಲೀಸ್ ಕಂಪನಿಗಳು ಅವಳ ಹಾಡು ರಾಕ್‌ಗೆ ತೀರಾ ಕಂಟ್ರಿಯಾಯಿತು ಅಂದವು, ನ್ಯಾಶ್‌ವಿಲ್ ತೀರಾ ರಾಕ್ ಆಯಿತು ಅಂದಿತು. ಕೊನೆಗೆ 1988ರಲ್ಲಿ ಅವಳ ಆಲ್ಬಂ ತಂದದ್ದು ರಫ್ ಟ್ರೇಡ್, ಇಂಗ್ಲೆಂಡಿನ ಪಂಕ್ ಕಾಲದ ಕಂಪನಿ! ಎರಡೂ ಕಡೆಯವರು ಬೇಡ ಅಂದ ಆ ಜಾಗಕ್ಕೇ ಮುಂದೆ ಆಲ್ಟ್-ಕಂಟ್ರಿ ಅಂತ ಹೆಸರಾಯಿತು, ಅವಳು ಅಲ್ಲಿಗೆ ಮೊದಲೇ ಬಂದು ನಿಂತಿದ್ದಳು.

ಈಗ ಎಲ್ಲರೂ ಅಮೆರಿಕಾನಾ ಅಂತಾರಲ್ಲ?

ಹೌದು. 1999ರಲ್ಲಿ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಶುರುವಾಯಿತು, 2010ರಿಂದ ಗ್ರ್ಯಾಮಿಯಲ್ಲಿ ಅದಕ್ಕೇ ಬೇರೆ ಬಹುಮಾನ ಬಂತು. ಜಾನಪದ, ಬ್ಲೂಸ್, ಬ್ಲೂಗ್ರಾಸ್ ಎಲ್ಲ ಒಂದೇ ಚಪ್ಪರದಡಿ. ಹಾಡುಗಾರ ಜೇಸನ್ ಇಸ್ಬೆಲ್ ಅಂಥವರಿಗೆ ಕೇಳುಗರು ಸಿಕ್ಕರು, ಒಳ್ಳೆಯದೇ ಆಯಿತು. ಆದರೆ ಪಂಕ್ ಕಡೆಯಿಂದ ಬಂದ ಆ ಒರಟು ಈ ಹೆಸರಿನಡಿ ಕಡಿಮೆಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಹಾಡಿನ ಹಿಂದೆ ಅಳುವ ಹಾಗೆ ಒಂದು ಗಿಟಾರ್ ಎಳೀತಾರಲ್ಲ, ಅದು ಯಾವುದು? ನಮ್ಮ ಸಂಗೀತಕ್ಕೆ ಹತ್ತಿರ ಅನ್ಸುತ್ತೆ.

ಪೆಡಲ್ ಸ್ಟೀಲ್. ಮೇಜಿನಂತೆ ಕಾಲುಗಳಿರುವ ವಾದ್ಯ, ಸಾಮಾನ್ಯವಾಗಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ, ಬಲಗೈ ಮೀಟುತ್ತದೆ, ಪಾದದಡಿ ಪೆಡಲ್, ಮೊಣಕಾಲಿಗೆ ಸನ್ನೆಗಳು. ಪೆಡಲ್ ತುಳಿದರೆ ಒಂದೆರಡು ತಂತಿಯ ಸ್ವರ ಮಾತ್ರ ಏರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಒಂದು ದನಿ ನಿಂತಿದ್ದು ಇನ್ನೊಂದು ಅದರ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತದಲ್ಲ, ಅದೇ ನಿಮಗೆ ಅಳುವಂತೆ ಕೇಳುವುದು. ಸ್ವರ ಮೊಳಗುತ್ತಿರುವಾಗಲೇ ಪೆಡಲ್ ತುಳಿಯುವ ಈ ರೀತಿಯನ್ನು 1954ರಲ್ಲಿ ವೆಬ್ ಪಿಯರ್ಸ್ ಹಾಡೊಂದರಲ್ಲಿ ಬಡ್ ಐಸಾಕ್ಸ್ ಜನಪ್ರಿಯ ಮಾಡಿದ. ಬರಿಟೋ ಬ್ರದರ್ಸ್‌ನ ಸ್ನೀಕಿ ಪೀಟ್ ಕ್ಲೈನೊ ಅದಕ್ಕೆ ರಾಕ್ ಗಿಟಾರಿನ ಗರಗರ ದನಿಯನ್ನೂ ಸೇರಿಸಿದ.

ಜಾರಿಸುವ ವಿದ್ಯೆ ಕಂಟ್ರಿಗೆ ಬಂದದ್ದು ಹವಾಯಿ ದ್ವೀಪದಿಂದ. ಜೋಸೆಫ್ ಕೆಕುಕು ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಅಲ್ಲಿ ಬೆಳೆಸಿದವನು. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ನಂತರ ಇಡೀ ಅಮೆರಿಕಕ್ಕೆ ಹವಾಯಿ ಸಂಗೀತದ ಹುಚ್ಚು ಹಿಡಿಯಿತು. ಜಿಮ್ಮಿ ರಾಡ್ಜರ್ಸ್ ತನ್ನ ರೆಕಾರ್ಡುಗಳಿಗೆ ಹವಾಯಿಯ ಜೋ ಕೈಪೋನನ್ನು ಕರೆಸಿಕೊಂಡ. ಅದೇ ವಿದ್ಯೆ ನಮ್ಮ ಕಡೆಗೂ ಬಂತು. 1940ರ ದಶಕದಲ್ಲಿ ಹವಾಯಿ ಸಂಗೀತದ ಟಾವು ಮೋ ಕುಟುಂಬ ಕೋಲ್ಕತಾದಲ್ಲಿ ನೆಲೆಸಿತ್ತು. ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಈ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸಿದರು, ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಈಗಲೂ ನುಡಿಸುತ್ತಾರೆ. ನಮ್ಮ ಗೋಟುವಾದ್ಯದಲ್ಲಿ ತಂತಿ ಮೇಲೆ ಜಾರಿಸುವುದು ಮೊದಲಿನಿಂದಲೂ ಇತ್ತು. ಹಾಗಾಗಿ ಮೀಂಡ್, ಗಮಕ ಕೇಳಿ ಪಳಗಿದ ಕಿವಿಗೆ ಪೆಡಲ್ ಸ್ಟೀಲ್ ಬೇಗ ಹಿಡಿಸುತ್ತದೆ.

ಎರಡೂ ಕವಲು ಒಟ್ಟಿಗೆ ಕೇಳಬೇಕಾ? "ಟ್ರೇಸ್" ಬಂದ 1995ರಲ್ಲೇ ಮೋಹನವೀಣೆಯ ವಿಶ್ವಮೋಹನ ಭಟ್ಟರು, ಬ್ಲೂಗ್ರಾಸ್ ಲೋಕದ ಡೋಬ್ರೋ (ಸರಳು ಜಾರಿಸಿ ನುಡಿಸುವ ಗಿಟಾರ್) ವಾದಕ ಜೆರ‍್ರಿ ಡಗ್ಲಸ್ ಮತ್ತು ಬಾಸ್ ವಾದಕ ಎಡ್ಗರ್ ಮೇಯರ್ ಜೊತೆ "ಬೋರ್ಬನ್ ಅಂಡ್ ರೋಸ್‌ವಾಟರ್" ಅನ್ನುವ ಆಲ್ಬಂ ಮಾಡಿದರು. ಅದನ್ನೂ ಹುಡುಕಿ ಕೇಳಿ.